ನಮ್ಮ ಮಾವನ ಉಳ್ಳಾಗಡ್ಡಿ ನಿಷೇಧ

ನಮ್ಮ ಸೋದರಮಾವ ಕುಡಿಯುತ್ತಿದ್ದಾಗ ತೊಂದರೆಯಾದದ್ದು ಒಂದೇ ಮನೆಗೆ. ಕುಡಿತ ಬಿಟ್ಟ ಮೇಲೆ ನೋಡಿ, ವಿಜಾಪುರ, ತಿಕೋಟಾ, ಬಬಲೇಶ್ವರ ಮೂರೂ ಊರುಗಳಿಗೆ ನೆಮ್ಮದಿ ಇಲ್ಲದಂತಾಯಿತು!

ಎಪ್ಪತ್ತರ ದಶಕ. ನಾನಾಗ ಕಾಲೇಜು ಓದಲು ವಿಜಾಪುರದ ಜೋರಾಪುರ ಪೇಟೆಯ ಅವನ ಮನೆಯಲ್ಲಿದ್ದೆ. ಮನೆಯ ಮುಂಭಾಗದಲ್ಲೇ ಅವನ ಹೊಲಿಗೆ ಅಂಗಡಿ. ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ, ಅಂದರೆ ಸಾರಾಯಿ ಅಂಗಡಿ ಕೈಮಾಡಿ ಕರೆಯುವ ಹೊತ್ತಿಗೆ, ಕುಡಿತ ಬಿಟ್ಟವರು, ಬಿಡುತ್ತಿರುವವರು, ಬಿಟ್ಟು ಹಿಡಿದು ಮತ್ತೆ ಬಿಟ್ಟವರು ಅಲ್ಲಿ ಬಂದು ಕೂಡುತ್ತಿದ್ದರು. ಮಾವ ಇದಕ್ಕೆ ‘ಬಿಟ್ಟವರ ಮಂಡಳಿ’ ಎಂದು ಹೆಸರಿಟ್ಟಿದ್ದ. ಹೊಸಬ ಬಂದರೆ ಅವನ ಕೈಗೆ ಸೂಜಿ, ದಾರ. ನಡುಗುವ ಕೈಯಿಂದ ದಾರ ಪೋಣಿಸುವಷ್ಟರಲ್ಲಿ ಸಾರಾಯಿ ಅಂಗಡಿಯ ಬಾಗಿಲು ಮುಚ್ಚಿರುತ್ತಿತ್ತು! ಕೈ ನಡುಗದೆ ಪೋಣಿಸಿದ ದಿನ ಗುಂಡಿ ಹಚ್ಚುವ ಬಡ್ತಿ. ಆ ವರ್ಷಗಳಲ್ಲಿ ನನ್ನ ಅಂಗಿಯ ಗುಂಡಿಗಳು ಒಂದೂ ಸಾಲಿನಲ್ಲಿರಲಿಲ್ಲ.

ಊರಿಗೆಲ್ಲ ಗುರುವಾದ ಈ ಮನುಷ್ಯ ತನ್ನ ಮನೆಯಲ್ಲಿ ಮಾತ್ರ ಇನ್ನೂ ಪಾಸಾಗಿರಲಿಲ್ಲ. ಹೊರಗಿನಿಂದ ಬಂದರೆ ಹೊಸ್ತಿಲಲ್ಲಿ ನಿಂತು ತುಸು ಬಾಗುತ್ತಿದ್ದ. ಗಿಡ್ಡಗಿದ್ದ ನಮ್ಮ ಅತ್ತೆ ಅವನ ಟೊಪ್ಪಿಗೆ ತೆಗೆದುಕೊಳ್ಳುವ ನೆವದಲ್ಲಿ ಉಸಿರು ಮೂಸುತ್ತಿದ್ದಳು. ಕುಡಿತ ಬಿಟ್ಟು ಐದು ವರ್ಷವಾಗಿದ್ದರೂ ಒಂದು ಸಂಜೆಯೂ ಈ ಪರೀಕ್ಷೆ ತಪ್ಪಿದ್ದಿಲ್ಲ.

ಆದರೆ ಬಿಡುವುದಕ್ಕಿಂತ, ಬಿಟ್ಟಿದ್ದಾನೆಂದು ಊರನ್ನು ನಂಬಿಸುವುದು ಕಷ್ಟ. ಇಂಥವರಿಗೆ ಕೆಲಸ ಯಾರು ಕೊಡುತ್ತಾರೆ? ಅರ್ಜಿ ಬರೆಯುವುದು ನನ್ನ ಪಾಲಿಗೆ, ಒಯ್ಯುವುದು ಮಾವನ ಪಾಲಿಗೆ. ಒಮ್ಮೆ ಮಂಡಳಿಯವನೊಬ್ಬನನ್ನು ಕರೆದುಕೊಂಡು ತಿಕೋಟಾದ ದ್ರಾಕ್ಷಿ ತೋಟದ ಸಾವ್ಕಾರರ ಮುಂದೆ ನಿಂತೆವು.

“ಸಾವ್ಕಾರ್ರ, ಅರ್ಜಿ ಆಮ್ಯಾಲ ಓದ್ರಿ. ಮೊದಲ ಇವನ ಬಾಯಿ ಮೂಸ್ರಿ!” ಎಂದ ಮಾವ.

ಸಾವ್ಕಾರರು ಪಾಪ, ಮೂಸಿಯೇ ಬಿಟ್ಟರು! ಮುಖ ಕಿವುಚಿದರು. “ಬರೇ ಉಳ್ಳಾಗಡ್ಡಿ ನಾತ. ಅದರ ಅಡಿಗೆ ಏನೇನ ಮುಚ್ಚಿಟ್ಟಾನೋ ಯಾರಿಗೆ ಗೊತ್ತ್ರಿ?”

ಸುಳ್ಳಲ್ಲ. ಕುಡಿದ ವಾಸನೆ ಮುಚ್ಚಲು ಹಸಿ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಅಗಿಯುವುದು ನಮ್ಮ ಕಡೆ ಎಲ್ಲರೂ ಬಲ್ಲ ಗುಟ್ಟು. ಬಸ್ಸಿನಲ್ಲಿ ಮರಳುವಾಗಲೇ ಮಾವ ಘೋಷಿಸಿದ: “ನಾಳಿಂದ ಮಂಡಳ್ಯಾಗ ಯಾರೂ ಉಳ್ಳಾಗಡ್ಡಿ ಮುಟ್ಟಂಗಿಲ್ಲ!”

ಕೇಳಿದಿರಾ? ವಿಜಾಪುರದ ಗಂಡಸು, ಜೋಳದ ರೊಟ್ಟಿಯ ಜೊತೆ ಮುಷ್ಟಿಯಿಂದ ಗುದ್ದಿದ ಉಳ್ಳಾಗಡ್ಡಿ ಇಲ್ಲದೆ ಊಟಕ್ಕೆ ಕೂಡುವುದು! ಮಾವನಿಗೇನು, ಅವನ ಮನೆಯಲ್ಲಿ ಹಸಿ ಉಳ್ಳಾಗಡ್ಡಿ ಮೊದಲಿನಿಂದಲೂ ಇರುತ್ತಿರಲಿಲ್ಲ. ಅತ್ತೆಗೆ ಅದು ಸೇರುವುದಿಲ್ಲವೆಂದೇ ನಾನು ತಿಳಿದಿದ್ದೆ. ಮಂಡಳಿಯಲ್ಲಿ ಮಾತ್ರ ದಂಗೆಯೆದ್ದಿತು.

“ಯಪ್ಪಾ, ಸಾರಾಯಿ ಬಿಡು ಅಂದಿ, ಬಿಟ್ಟೆ. ಬೀಡಿ ಬಿಡು ಅಂದಿ, ಬಿಟ್ಟೆ. ಇನ್ನ ಉಣ್ಣೂದೂ ಬಿಡ್ಲೇನು?” ಎಂದು ಗೋಳಾಡಿದವನು ಟಾಂಗಾ ಹೊಡೆಯುವ ಮಲ್ಲೇಶಿ.

“ಉಳ್ಳಾಗಡ್ಡಿ ಬಿಟ್ಟು ಉಣ್ಣಲೇ! ಉಂಡು ಮಂದಿ ಮಾರಿ ಮುಂದ ಬಾಯಿ ತಗದು ನಿಲ್ಲು. ಅದಕ್ಕ ಹೇಳಾಕತ್ತೇನಿ!” ಎಂದ ಮಾವ.

ಈ ಮಲ್ಲೇಶಿ ಸುಧಾರಿಸಿದ್ದ, ಅವನ ಕುದುರೆ ಸುಧಾರಿಸಿರಲಿಲ್ಲ. ಟಾಂಗಾದಲ್ಲಿ ಯಾರೇ ಕೂತಿರಲಿ, ಹಳೇ ರೂಢಿಯಂತೆ ಸಾರಾಯಿ ಅಂಗಡಿಯ ಮುಂದೆ ಗಕ್ಕನೆ ನಿಲ್ಲುತ್ತಿತ್ತು! ಒಮ್ಮೆ ನಮ್ಮ ಸಂಸ್ಕೃತ ಮಾಸ್ತರರನ್ನು ಹೊತ್ತು ಹಾಗೆ ನಿಂತಾಗ, ಅವರು ಶಾಲಿನಲ್ಲಿ ಮುಖ ಮುಚ್ಚಿಕೊಂಡು ಇಳಿದು ಓಡಿದ್ದನ್ನು ಇಡೀ ಪೇಟೆ ಕಂಡಿತು. ಮಾವ ಹದಿನೈದು ದಿನ ಬೆಲ್ಲ ಹಿಡಿದು ಕುದುರೆಯ ಮುಂದೆ ನಡೆದ. ಸಾರಾಯಿ ಅಂಗಡಿ ದಾಟಿ ಹೊಲಿಗೆ ಅಂಗಡಿಗೆ ಬಂದರಷ್ಟೇ ಬೆಲ್ಲ. ಕೊನೆಗೆ ಕುದುರೆಯೂ ದಿನಾ ಸಂಜೆ ಮಂಡಳಿಗೆ ತಾನಾಗಿ ಬರತೊಡಗಿತು. “ಒಂದ ದಿನಾನೂ ತಪ್ಪಿಸದ ಮೆಂಬರ್ ಅಂದ್ರ ಇದೊಂದ ನೋಡು” ಎನ್ನುತ್ತಿದ್ದ ಮಾವ.

ಮಲ್ಲೇಶಿಯ ಸಂಕಟ ಬೇರೆಯದೇ ಇತ್ತು. ಹೆಂಡತಿ ಕಸ್ತೂರವ್ವ ಬಬಲೇಶ್ವರದ ಹತ್ತಿರದ ನಿಡೋಣಿಯ ತವರು ಸೇರಿ ಎರಡು ವರ್ಷವಾಗಿತ್ತು. ಹಿಂದೆ ಮೂರು ಸಲ ಆಣೆ ಮಾಡಿ ಕರೆತಂದು, ಮೂರು ಸಲವೂ ಮಾತಿಗೆ ತಪ್ಪಿದ್ದ. “ಆಕಿ ಬರಲಿಲ್ಲಂದ್ರ ನಾ ಯಾರ ಸಂಬಂಧ ಬಿಡ್ಲೆಪಾ?” ಎಂದು ಅವನು ಒಂದು ಸಂಜೆ ಕೇಳಿದ. ಈ ಸಲ ಅವಳು ಒಲ್ಲೆನೆಂದರೆ ಮಲ್ಲೇಶಿ ಮತ್ತೆ ಕುಡಿಯುತ್ತಾನೆಂಬುದು ಎಲ್ಲರಿಗೂ ಗೊತ್ತಿತ್ತು.

ವಾರದೊಳಗೇ ಅವಳನ್ನು ಕರೆತರಲು ಮಲ್ಲೇಶಿಯೂ ಸೇರಿ ಮಂಡಳಿಯ ಎಂಟು ಮಂದಿ, ಮಾವ, ನಾನು ಬಬಲೇಶ್ವರದ ಬಸ್ಸು ಹತ್ತಿದೆವು. ಅಲ್ಲಿಂದ ಚಕ್ಕಡಿ. ಎಂಟು ಮಂದಿಯ ತಲೆಗೆ ಪಟಕಾ, ಮೈಗೆ ಮಾವ ಹೊಲಿದ ಹೊಸ ಅಂಗಿ. ಗುಂಡಿ ಮಾತ್ರ ಮಂಡಳಿಯದೇ!

ನಿಡೋಣಿಯಲ್ಲಿ ಕಸ್ತೂರವ್ವನ ತಾಯಿ ಮುಖ ಗಂಟಿಕ್ಕಿಕೊಂಡೇ ತಾಟು ಬಡಿಸಿದಳು. ಬಿಸಿ ರೊಟ್ಟಿ, ಬದನಿಕಾಯಿ ಪಲ್ಯ, ಶೇಂಗಾ ಹಿಂಡಿ. ಪ್ರತಿ ತಾಟಿನಲ್ಲೂ ಒಂದೊಂದು ಗುದ್ದಿದ ಉಳ್ಳಾಗಡ್ಡಿ! ರೊಟ್ಟಿ ಮುಗಿದವು, ಪಲ್ಯ ಮುಗಿಯಿತು. ಉಳ್ಳಾಗಡ್ಡಿ ಮಾತ್ರ ಹಾಗೇ ಉಳಿದವು. ನಾನು ಕೈಚಾಚಿದೆ, ಮಾವ ಕಣ್ಣು ಬಿಟ್ಟ.

“ಯಾಕ್ರೀ? ನಮ್ಮ ಹೊಲದ ಉಳ್ಳಾಗಡ್ಡಿ ಏನ ಪಾಪ ಮಾಡೇತಿ? ಬಡಿಸಿದ್ದ ಮುಟ್ಟದ ಬೀಗರ್ನ ನಾ ಎಲ್ಲೂ ನೋಡಿಲ್ಲ!” ಎಂದಳು ಆಕೆ.

“ಇವ್ರು ಉಣ್ಣಾಕ ಬಂದಿಲ್ಲ, ನಮ್ಮ ಮಾನ ಕಳ್ಯಾಕ ಬಂದಾರ” ಎಂದು ಕಸ್ತೂರವ್ವನ ತಂದೆ ಟವೆಲ್ಲು ಕೊಡವಿ ಎದ್ದೇ ಬಿಟ್ಟ. ಕುದುರೆಗೂ ಬುದ್ಧಿ ಹೇಳಿದ ನಮ್ಮ ಮಾವ ಟೊಪ್ಪಿಗೆ ತೆಗೆದು ಅದರ ಹೊಲಿಗೆ ಎಣಿಸತೊಡಗಿದ. ಮಲ್ಲೇಶಿ ತಲೆ ತಗ್ಗಿಸಿ ಕೂತಿದ್ದ. ಎಲ್ಲ ಕೆಟ್ಟಿತು ಎಂದುಕೊಂಡೆ.

ಆಗ ಒಳಬಾಗಿಲ ಹಿಂದಿನಿಂದ ಕಸ್ತೂರವ್ವನ ದನಿ ಬಂತು. “ಯವ್ವಾ, ತಡಿ. ನಮ್ಮ ಮನಿಯವರ ತಾಟಿನ್ಯಾಗೂ ಉಳ್ಳಾಗಡ್ಡಿ ಹಂಗ ಐತೇನು?”

“ಹಂಗ ಐತಿ. ಯಾಕ?”

“ಮೂರ ಸಲಾನೂ ನಿಮ್ಮ ಎದರಿಗೆ ಉಳ್ಳಾಗಡ್ಡಿ ಕಡಕೊಂತ ಕುಂತು ಆಣಿ ಮಾಡಿದ್ರು. ನಿಮಗ್ಯಾರಿಗೂ ವಾಸನಿ ತಿಳೀಲಿಲ್ಲ, ನನಗ ತಿಳೀತಿತ್ತು. ಇವತ್ತ ಉಳ್ಳಾಗಡ್ಡಿಯಿಂದ ಮುಚ್ಚೂವಂಥಾ ವಾಸನಿ ಅವರ ಬಾಯಾಗ ಇಲ್ಲ. ನಾ ಅವರ ಜೋಡಿ ಹೋಗ್ತೇನಿ.”

ಗೆದ್ದೆವು! ಕಸ್ತೂರವ್ವನ ಟ್ರಂಕು ಹೊರಲು ಎಂಟು ಮಂದಿ ಜಗಳಾಡಿದರು. ವಿಜಾಪುರದ ಬಸ್ ಸ್ಟ್ಯಾಂಡಿನಿಂದ ಮಲ್ಲೇಶಿ ಹೆಂಡತಿಯನ್ನು ಟಾಂಗಾದಲ್ಲಿ ಕೂರಿಸಿಕೊಂಡು ಹೊರಟ. ಸಾರಾಯಿ ಅಂಗಡಿ ಹತ್ತಿರವಾದಾಗ ಕಸ್ತೂರವ್ವ ಟಾಂಗಾದ ಕಂಬಿ ಗಟ್ಟಿಯಾಗಿ ಹಿಡಿದಳು. ಕುದುರೆ ಆ ಕಡೆ ಕತ್ತು ಸಹ ಹೊರಳಿಸದೆ ದಾಟಿತು! ಹಿಂದೆ ನಡೆದು ಬರುತ್ತಿದ್ದ ಮಂಡಳಿ ತಲೆಯ ಪಟಕಾ ಬಿಚ್ಚಿ ಹಾರಿಸಿ ಕೂಗಿದ ಕೂಗಿಗೆ ಪೇಟೆಯ ಕಿಟಕಿಗಳೆಲ್ಲ ತೆರೆದವು. ಸುದ್ದಿ ತಿಕೋಟಾಕ್ಕೂ ಮುಟ್ಟಿ, ಮುಂದಿನ ವಾರ ಸಾವ್ಕಾರರೇ ಹೇಳಿಕಳಿಸಿದರು: “ಉಳ್ಳಾಗಡ್ಡಿ ತಿನ್ನದ ಮಂದಿ ಇದ್ರ ಇಬ್ಬರನ್ನ ಕಳಸ್ರಿ.”

ಕಸ್ತೂರವ್ವನನ್ನು ಕರೆತಂದ ದಿನ ಸಂಜೆ ಮನೆಗೆ ಬಂದ ಮಾವ ಎಂದಿನಂತೆ ಹೊಸ್ತಿಲಲ್ಲಿ ನಿಂತು ಬಾಗಿದ. ನಿಡೋಣಿಯ ಸುದ್ದಿ ಆಗಲೇ ಕೇಳಿದ್ದ ಅತ್ತೆ ಟೊಪ್ಪಿಗೆ ತೆಗೆದುಕೊಂಡಳು. ಮೂಸಲಿಲ್ಲ. ಒಳಗೆ ಹೋಗಿ ತಾಟು ತಂದಿಟ್ಟಳು. ರೊಟ್ಟಿಯ ಪಕ್ಕದಲ್ಲಿ ಗುದ್ದಿದ ಉಳ್ಳಾಗಡ್ಡಿ.

“ಬ್ಯಾಡ ಬೇ. ಇದನ್ನ ತಿಂದ್ರ ನಾಳೆ ಮೂಸಿದಾಗ ನಿನಗ ತಿಳಿಯಂಗಿಲ್ಲ.”

“ತಿನ್ರಿ. ನಾ ಇನ್ನ ಮೂಸಂಗಿಲ್ಲ.”

ಮಾವ ತಾಟನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಉಳ್ಳಾಗಡ್ಡಿಯಲ್ಲಿ ಅರ್ಧ ಅವಳ ಕೈಗೆ ಕೊಟ್ಟ. ಅದು ಸೇರುವುದಿಲ್ಲವೆಂದು ನಾನು ತಿಳಿದಿದ್ದ ನಮ್ಮ ಅತ್ತೆ, ಎಷ್ಟೋ ವರ್ಷಗಳ ಆಸೆಯಿಂದ ಅದನ್ನು ಕರುಂ ಕರುಂ ಎಂದು ತಿಂದಳು. ಆ ವಾಸನೆಯಲ್ಲಿ ಸಾರಾಯಿಯ ನಾತ ಮುಚ್ಚಿಹೋದೀತೆಂದು ಹೆದರಿ ಅವಳೂ ಬಿಟ್ಟಿದ್ದಳೆಂದು ನನಗೆ ಆಗ ತಿಳಿಯಿತು. ಮಾವನ ನಿಷೇಧವನ್ನು ಇಷ್ಟು ದಿನ ಮನಸ್ಸಿನಲ್ಲೇ ಗೇಲಿ ಮಾಡಿದ್ದ ನನಗೆ ಅಳು ಬಂತು.

ಹೊಸ್ತಿಲಲ್ಲಿ ಬಾಗುವ ರೂಢಿ ಮಾವನಿಗೆ ಕೊನೆಯವರೆಗೂ ಹೋಗಲಿಲ್ಲ. ಅತ್ತೆಯೂ ದಿನಾ ಟೊಪ್ಪಿಗೆ ತೆಗೆದುಕೊಳ್ಳಲು ಬರುತ್ತಿದ್ದಳು. ಬಂದವಳು ಅವನ ತಲೆಗೂದಲು ಸರಿಮಾಡಿ ಒಳಗೆ ಹೋಗುತ್ತಿದ್ದಳು.