ಹೊಟ್ಟೆಯೊಳಗಿನ ಹಕ್ಕಿ

ಮನೆಗೆ ಬಂದ ನೆಂಟರನ್ನು ಬಚ್ಚಿಡುವ ಕಷ್ಟ ಶತ್ರುವಿಗೂ ಬೇಡ. ಅದೂ ಆ ನೆಂಟ ಮೈತುಂಬ ಕೂದಲಿರುವ ಬೆಕ್ಕಾದರೆ! ಭಾವಮೈದ ಪ್ರವಾಸಕ್ಕೆ ಹೊರಡುವಾಗ ತನ್ನ ಮೇನ್ ಕೂನ್ ಎಂಬ ವಿದೇಶಿ ಜಾತಿಯ ಬೆಕ್ಕನ್ನು ವಾಚ್ ರಿಪೇರಿಯವರ ತಲೆಗೆ ಕಟ್ಟಿ, ಅದರ ವಂಶಾವಳಿಯನ್ನೂ ಒಪ್ಪಿಸಿದ.

"ಚಳಿದೇಶದ ತಳಿ ಭಾವ. ಹಿಂದೆ ಹಡಗಲ್ಲಿ ಇಲಿ ಹಿಡಿಯೋಕೆ ಇಟ್ಕೊಂಡಿದ್ದ ಬೆಕ್ಕುಗಳ ಸಂತಾನ ಅಂತಾರೆ. ಇನ್ನೂ ಬೆಳೆಯುತ್ತೆ. " (ಈಗಲೇ ಕುರಿಮರಿಯಷ್ಟಿತ್ತು!) "ಆಮೇಲೆ ಇದರ ಕೂಗು ಇದೆಯಲ್ಲ..."

"ಮೆಲ್ಲಗೆ ಮಾತಾಡಯ್ಯಾ!" ಎಂದು ರಿಪೇರಿಯವರು ಅವನನ್ನು ಸಾಗಹಾಕಿ ಬಾಗಿಲು ಹಾಕಿಕೊಂಡರು. ಮಹಡಿ ಮೇಲಿನ ಮನೆಯೊಡತಿಗೆ ತಮ್ಮ ಸಾಕುಹಕ್ಕಿಯೇ ಪ್ರಾಣ. ಬೆಕ್ಕಿನ ಬಾಲ ಕಂಡರೂ ಅವತ್ತೇ ಮನೆ ಖಾಲಿ ಮಾಡಬೇಕೆಂದು ಮೊದಲೇ ಹೇಳಿದ್ದರು.

ಎರಡು ದಿನ ಹೇಗೋ ಕಳೆಯಿತು. ಮೂರನೆಯ ದಿನ ಬೆಳಿಗ್ಗೆ ಹೆಂಡತಿ ಓಡಿ ಬಂದಳು. "ರೀ, ಮೇಲಿನ ಪಂಜರ ಖಾಲಿ ಇದೆ!"

ರಿಪೇರಿಯವರು ತಟ್ಟನೆ ತಿರುಗಿ ನೋಡಿದರು. ತೆರೆದ ಕಿಟಕಿಯಲ್ಲಿ ಕೂತ ಬೆಕ್ಕು ಮೀಸೆ ನೆಕ್ಕುತ್ತಿತ್ತು. ಬಾಯಿ ತೆರೆಯದೆಯೇ "ಚಿಂವ್" ಎಂದಿತು.

ಅವರದು ಕಿವಿಯನ್ನೇ ನಂಬಿದ ಕಸುಬು. ಗಡಿಯಾರವನ್ನು ಕಿವಿಗೆ ಹಿಡಿದರೆ ಸಾಕು, ಬಿಚ್ಚದೆಯೇ ಒಳಗಿನ ರೋಗ ಹೇಳುತ್ತಿದ್ದರು. ಅದೇ ಗಾಂಭೀರ್ಯದಿಂದ ಬೆಕ್ಕಿನ ಹೊಟ್ಟೆಗೆ ಕಿವಿ ಒತ್ತಿದರು. ಮತ್ತೆ "ಚಿಂವ್!"

"ಒಳಗಿದೆ ಕಣೇ! ಇನ್ನೂ ಜೀವ ಇದೆ!"

"ನಿಮ್ಮ ತಲೆ! ಇರಿ, ತಮ್ಮಂಗೆ ಫೋನ್ ಮಾಡ್ತೀನಿ."

"ಅಷ್ಟೊತ್ತಿಗೆ ಜೀರ್ಣ ಆಗಿರುತ್ತೆ!"

ಹೇಳಿದರೆ ಮನೆ ಹೋಗುತ್ತದೆ. ಆದರೆ ಒಂದು ಜೀವ ಒಳಗೆ ಕೂಗುತ್ತಿರುವಾಗ ಸುಮ್ಮನಿರುವುದು ಹೇಗೆ? ಮೆಟ್ಟಿಲು ಹತ್ತಿ ಬಾಗಿಲು ಬಡಿದರು. ಬಾಗಿಲು ಅರ್ಧ ತೆರೆಯುವುದರೊಳಗೆ ಕೈ ಮುಗಿದು ಎಲ್ಲ ಒದರಿಬಿಟ್ಟರು.

"ಅಮ್ಮಾ, ಕ್ಷಮಿಸಿಬಿಡಿ! ನಮ್ಮನೆ ಬೆಕ್ಕು ನಿಮ್ಮ ಹಕ್ಕೀನ ನುಂಗಿಬಿಟ್ಟಿದೆ. ಈಗಲೇ ಡಾಕ್ಟರ ಹತ್ರ ಹೋದ್ರೆ ಹೊರಗೆ ತೆಗೀಬಹುದು!"

ಮನೆಯೊಡತಿ ಬಾಗಿಲು ಪೂರ್ತಿ ತೆರೆದರು. ಆಗಷ್ಟೇ ಸ್ನಾನ ಮಾಡಿಸಿಕೊಂಡ ಹಕ್ಕಿ ಅವರ ಹೆಗಲ ಮೇಲೆ ಕೂತು ರೆಕ್ಕೆ ಕೊಡವುತ್ತಿತ್ತು.

"ಹಕ್ಕಿ ಇಲ್ಲೇ ಇದೆ. ಅದಿರಲಿ, ಬೆಕ್ಕು ಅಂದ್ರಲ್ಲ, ಯಾವ ಬೆಕ್ಕು?"

ರಿಪೇರಿಯವರು ಒಂದು ಮೆಟ್ಟಿಲು ಕೆಳಗಿಳಿದರು. ಅಷ್ಟರಲ್ಲಿ ಕೆಳಗಿನಿಂದ ಹೆಂಡತಿಯ ಕೂಗು ಕೇಳಿಸಿತು.

"ರೀ! ಈ ಜಾತಿ ಬೆಕ್ಕು ಕೂಗೋದೇ ಹಕ್ಕಿ ಥರ ಅಂತೆ! ಮೇಲೆ ಹೋಗಿ ಬಾಯಿಬಿಟ್ಟೀರಾ, ಜೋಕೆ!"