ಕಮಲಾಪುರದಿಂದ ಸಮುದ್ರಕ್ಕೆ ಕಾವಲು

ಸಮುದ್ರದಿಂದ ನೂರಾರು ಮೈಲಿ ದೂರ, ಕಲಬುರಗಿ ಹತ್ತಿರದ ಕಮಲಾಪುರದಲ್ಲಿ ಕುಳಿತು ಸಮುದ್ರಕ್ಕೆ ಹೆದರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನನ್ನ ಕಾಕಾ. ಊರಿನ ಉಳಿದವರು ನಳದಲ್ಲಿ ನೀರು ಬರಲಿಲ್ಲವೆಂದು ಚಿಂತಿಸಿದರೆ, ಕಾಕಾ ನೀರು ಬಂದುಬಿಡುತ್ತದೆಂದು ಚಿಂತಿಸುತ್ತಾರೆ.

ಕಾರಣವಿಲ್ಲದೆ ಇಲ್ಲ. ಅವರ ಒಬ್ಬಳೇ ಮಗಳು, ನನಗೆ ಅಕ್ಕ, ನರ್ಸ್ ಕೆಲಸಕ್ಕೆಂದು ಕರಾವಳಿಗೆ ಹೋಗಿ ಅಲ್ಲಿಯ ಮೀನುಗಾರರ ಮನೆಯ ಸೊಸೆಯಾದಳು. ಮನೆ ದಂಡೆಯ ಮೇಲೇ ಇದೆ. ಮೊದಲು ಮನೆಯ ಮುಂದಿನ ತೆಂಗಿನ ಮರಗಳು ಸಮುದ್ರಕ್ಕೆ ಹೋದವು. ಆಮೇಲೆ ರಸ್ತೆ ಉಳಿಸಲೆಂದು ಬಂಡೆಗಳನ್ನು ತಂದು ಸುರಿದರು. ಬಂಡೆಗಳೂ ಹೋದವು, ರಸ್ತೆಯೂ ಹೋಯಿತು. ಈಗ ಬಾವಿಯ ನೀರು ಉಪ್ಪಾಗಿದೆ. ಆ ಸಂಸಾರ ಪೂರ್ತಿ ಎದ್ದು ಕಮಲಾಪುರಕ್ಕೆ ಬರಬೇಕೆಂಬುದೊಂದೇ ಕಾಕಾನ ಆಸೆ. ಬೀಗತಿ, ಅಂದರೆ ಅಕ್ಕನ ಅತ್ತೆ, ಪ್ರತಿ ಸಲ ಫೋನಿನಲ್ಲಿ ಅದೇ ಉತ್ತರ ಕೊಡುತ್ತಾರೆ: "ಬಂದು ಎಂತ ಮಾಡುದು ಮಾರಾಯ್ರೆ? ನಿಮ್ಮ ತೊಗರಿ ಹೊಲದಲ್ಲಿ ದೋಣಿ ಬಿಡ್ಲಿಕ್ಕೆ ಆಗ್ತದಾ?"

ನಾನು ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಎಂ.ಎಸ್ಸಿ.ಯಲ್ಲಿ ಸಮುದ್ರಮಟ್ಟದ ಬದಲಾವಣೆಯನ್ನೇ ಓದಿದೆ. ತರಗತಿಯಲ್ಲಿ ಅದನ್ನು ವಿವರಿಸಿದರೆ ಹುಡುಗರಿಂದ ಬರುವ ಪ್ರಶ್ನೆ ಒಂದೇ: "ಮ್ಯಾಡಂ, ಇದು ಪರೀಕ್ಷಾಕ ಬರ್ತದೇನ್ರಿ?" ನನ್ನ ವಿದ್ಯೆಯನ್ನು ಪೂರ್ತಿ ನಂಬಿದವರು ಕಾಕಾ ಒಬ್ಬರೇ. ಅವರಿಗಾದರೂ ಯಾಕೆ ಹೇಳಿದೆನೋ ಎಂದು ಈಗ ಅನಿಸುತ್ತದೆ.

ಕಾಕಾ ದರ್ಜಿ. ಶಾಂತ ಸಾಗರದ ಬೆಚ್ಚನೆ ನೀರು ಕೆಲವು ವರ್ಷ ಪೂರ್ವಕ್ಕೆ ಸರಿಯುತ್ತದೆ, ಅದಕ್ಕೆ ಎಲ್ ನಿನೋ ಎನ್ನುತ್ತಾರೆ, ಆಗ ಜಗತ್ತಿನ ಸಮುದ್ರಮಟ್ಟ ಕೊಂಚ ಉಬ್ಬುತ್ತದೆ, ಲಾ ನಿನಾ ಬಂದಾಗ ಕೊಂಚ ತಗ್ಗುತ್ತದೆ, ಆದರೆ ಒಟ್ಟಿನಲ್ಲಿ ಏರುತ್ತಲೇ ಇದೆ ಎಂದು ನಾನು ಹೇಳಿದ್ದನ್ನು ಅವರು ಕತ್ತರಿ ಕೆಳಗಿಟ್ಟು ಕೇಳಿದರು.

"ಅಂದರ ನಮ್ಮ ಸಾಹುಕಾರರ ಹೊಟ್ಟಿ ಇದ್ದಂಗ," ಎಂದರು. "ಶ್ರಾವಣದಾಗ ಉಪಾಸ ಮಾಡಿ ಇಳಸ್ತಾರ, ದೀಪಾವಳಿಗಿ ಏರಸ್ತಾರ. ಏನರೆ ಮಾಡ್ಲಿ, ಹೋದ ವರ್ಷದ ಪ್ಯಾಂಟ್ ಮಾತ್ರ ಬರಂಗಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ.

ಒಮ್ಮೆ ನನ್ನನ್ನು ಕಲಬುರಗಿ ರೈಲು ನಿಲ್ದಾಣಕ್ಕೆ ಕರೆದೊಯ್ದರು. ಪ್ಲಾಟ್‌ಫಾರಂ ತುದಿಯ ಹಳದಿ ಬೋರ್ಡಿನಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತದಲ್ಲ, ಅದನ್ನು ನೋಡಲು! ನೋಡಿದವರು ಸುಮ್ಮನಾಗಲಿಲ್ಲ. ಅಲ್ಲಿದ್ದ ರೈಲ್ವೆ ನೌಕರರೊಬ್ಬರನ್ನು ಹಿಡಿದರು.

"ಸಾಹೇಬ್ರ, ನಿಮ್ಮ ಬೋರ್ಡ್ ತಪ್ಪ ಅದ."

"ಏನ್ರೀ, ಅಕ್ಷರ ತಪ್ಪ್ಯಾವೇನು?"

"ಎತ್ತರ ತಪ್ಪ್ಯಾದ. ಸಮುದ್ರ ಮ್ಯಾಲ ಬಂದದ. ನೀವು ಇನ್ನಾ ಹಳೀ ಎತ್ತರಕ್ಕೇ ಕುಂತೀರಿ."

ಆ ನೌಕರರು ಕಾಕಾನನ್ನು ಮೇಲಿಂದ ಕೆಳಗೆ ನೋಡಿ, "ಕಾಕಾ, ನಿಮ್ಮ ಗಾಡಿ ಯಾವುದ್ರಿ?" ಎಂದು ಕೇಳಿದರು.

"ಗಾಡಿ ಇಲ್ಲ. ಬೋರ್ಡ್ ಸಲುವಾಗೇ ಬಂದೀನಿ."

"ಹಂಗಾರ ಬಣ್ಣ ಹಚ್ಚೋರು ಬಂದಾಗ ಬರ್ರಿ."

ನಾನು ಚಹಾದ ಅಂಗಡಿಯ ಮುಂದೆ ನಿಂತು, ಯಾರಿಗೂ ಸಂಬಂಧವಿಲ್ಲದವಳಂತೆ ವೇಳಾಪಟ್ಟಿ ಓದುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ ಕಾಕಾ ಹೇಳಿದ್ದರಲ್ಲಿ ತಪ್ಪೇನಿತ್ತು? ಅಂಥ ಎತ್ತರಗಳನ್ನೆಲ್ಲ ಎಂದೋ ಗೊತ್ತುಮಾಡಿದ ಒಂದು ಮಟ್ಟದಿಂದ ಅಳೆಯುತ್ತಾರೆ. ಬೋರ್ಡಿನಲ್ಲಿರುವುದು ಹಳೆಯ ಸಮುದ್ರ. ಅದು ಈಗ ಎಲ್ಲೂ ಇಲ್ಲ.

ಇನ್ನೊಂದು ವರ್ಷ ನಮ್ಮ ಕಡೆ ಮಳೆ ಬಿಡದೆ ಹೊಡೆಯಿತು. ನೆಲದ ಮೇಲೆ ಹೆಚ್ಚು ಮಳೆ ಸುರಿದ ವರ್ಷ ಆ ನೀರಿನಷ್ಟು ಸಮುದ್ರ ಕಡಿಮೆಯಾಗುತ್ತದೆಂದು ನಾನೇ ಹಿಂದೆ ಬಾಯಿಬಿಟ್ಟಿದ್ದೆ. ಕಾಕಾ ಪಕ್ಕದೂರು ಮಹಾಗಾಂವದ ಟೆಂಪೊದಲ್ಲಿ, ತೊಗರಿ ಕೊಳೆತ ರೈತರ ನಡುವೆ ಕುಳಿತು, "ಬರಲಿ, ಇನ್ನಾ ಬರಲಿ, ಅಷ್ಟು ಸಮುದ್ರ ಖಾಲಿ ಆಗ್ಲಿ" ಎಂದರಂತೆ. ರೈತರು ಹೊಡೆಯಲಿಲ್ಲ, ಟೆಂಪೊ ನಿಲ್ಲಿಸಿ ಇಳಿಸಿದರು, ಅಷ್ಟೇ. ನೆನೆದು ತೊಪ್ಪೆಯಾಗಿ ಮನೆಗೆ ಬಂದ ಗಂಡನ ತಲೆ ಒರೆಸುತ್ತ ಕಾಕಿ, "ಸಮುದ್ರ ಖಾಲಿ ಆಯ್ತೋ ಇಲ್ಲೋ ಗೊತ್ತಿಲ್ಲ, ನಿಮ್ಮ ತಲಿ ಮಾತ್ರ ಖಾಲಿ ಆಗ್ಯಾದ" ಎಂದರು.

ನಾನೂ ಸುಮ್ಮನಿರಬಹುದಿತ್ತು. "ಆ ನೀರು ಮತ್ತ ಹೊಳಿ ಹಿಡಿದು ಸಮುದ್ರಕ್ಕೇ ಹೋಗ್ತದ ಕಾಕಾ," ಎಂದೆ.

"ನಮ್ಮ ಹೊಳಿ ಯಾವ ಸಮುದ್ರಕ್ಕ ಹೋಗ್ತದವ್ವ?"

"ಮೂಡಲ ಸಮುದ್ರಕ್ಕ."

ಕಾಕಾನ ಮುಖ ಅರಳಿತು. "ಮಗಳು ಇರೋದು ಪಡುವಣದಾಗ! ಹಂಗಾರ ಫಿಕರ್ ಇಲ್ಲ."

"ಸಮುದ್ರ ಎಲ್ಲಾ ಒಂದೇ ಕಾಕಾ."

ಅವರು ಕಾಕಿಯ ಕೈಯಿಂದ ಟವೆಲ್ ತೆಗೆದುಕೊಂಡು ತಾವೇ ಮುಖ ಒರೆಸಿಕೊಂಡರು. ಆಮೇಲೆ ಕೇಳಿದರು: "ಹೋಗ್ಲಿ, ಆ ಮನಿಗಿ ಇನ್ನಾ ಎಷ್ಟು ವರ್ಷ ಅದ, ಅದರೆ ಹೇಳು."

ಇಡೀ ಕರಾವಳಿಯ ಸರಾಸರಿ ಹೇಳಬಲ್ಲೆ. ಒಂದು ಮನೆಯ ಆಯುಷ್ಯವನ್ನು ಹೇಗೆ ಹೇಳಲಿ? "ಒಂದು ಮನಿಗಿ ಅಂತ ಹೇಳಾಕ ಬರಂಗಿಲ್ಲ ಕಾಕಾ," ಎಂದೆ.

"ಮತ್ತ ಅಷ್ಟೆಲ್ಲ ಯಾತಕ್ಕ ಓದಿದಿ ಯವ್ವಾ?"

ಬೈಗುಳವಲ್ಲ ಅದು. ನಿಜವಾಗಿಯೂ ತಿಳಿಯಬೇಕಾಗಿತ್ತು ಅವರಿಗೆ.

ಈ ಮಳೆಗಾಲದಲ್ಲಿ ಅಕ್ಕನ ಮನೆಯ ಅಡುಗೆಕೋಣೆಯ ಗೋಡೆ ಬಿರುಕು ಬಿಟ್ಟಿತು. ಅಪ್ಪನಿಗೆ ಹೇಗೆ ಹೇಳುವುದೆಂದು ತಿಳಿಯದೆ ಅಕ್ಕ ನನಗೆ ಫೋನ್ ಮಾಡಿದಳು. ನಾನು ಭಾನುವಾರ ಕಮಲಾಪುರಕ್ಕೆ ಹೋದೆ. ಹೊಲಿಗೆ ಮಷೀನುಗಳು ಒಳಕೋಣೆಯಿಂದ ಅಂಗಡಿಯ ಕಟ್ಟೆಗೆ ಬಂದಿದ್ದವು. ಒಳಗಿನ ಕೋಣೆ ಪೂರ್ತಿ ಖಾಲಿಯಾಗಿ, ಸುಣ್ಣ ಬಳಿದುಕೊಂಡು ನಿಂತಿತ್ತು. ಅದರ ಮೂಲೆಯಲ್ಲಿ ಹೊಸ ಒಲೆ, ಒಲೆಯ ಮೇಲೊಂದು ಪಾತ್ರೆ, ಪಕ್ಕದಲ್ಲಿ ಎಲ್ಲಿಂದಲೋ ತರಿಸಿದ, ಕರಾವಳಿಯವರು ಉಣ್ಣುವ ಕುಚಲಕ್ಕಿಯ ಚೀಲ. ಗೋಡೆಯ ವಿಷಯ ಕಾಕಾನಿಗೆ ಹೇಗೋ ಆಗಲೇ ಗೊತ್ತಾಗಿತ್ತು. ಫೋನಿನ ಸ್ಪೀಕರ್ ಹಾಕಿಕೊಂಡು ಬೀಗತಿಯ ಜೊತೆ ಮಾತಾಡುತ್ತಿದ್ದರು.

"ನಿಮಗ ಜ್ವಾಳದ ರೊಟ್ಟಿ ನಡಿಯಂಗಿಲ್ಲಲ್ರಿ. ಅದಕ್ಕ ಕಲೀಲಾಕತ್ತೀನಿ. ಈ ನಿಮ್ಮ ಅಕ್ಕಿಗಿ ನೀರು ಎಷ್ಟು ಇಡಬೇಕ್ರಿ?"

"ನಾವು ಬರುದಿಲ್ಲ ಹೇಳಿ ಎಷ್ಟು ಸರ್ತಿ ಹೇಳುದು ನಿಮಗೆ?"

"ಬರಬ್ಯಾಡ್ರಿ. ಬರ್ರಿ ಅಂತ ಎಲ್ಲಿ ಅಂದೀನಿ? ನೀರು ಎಷ್ಟು, ಅದೊಂದು ಹೇಳ್ರಿ ಸಾಕು."

ಆ ಕಡೆಯಿಂದ ಅಲೆಗಳ ಸದ್ದೂ ಕೇಳಿಸುತ್ತಿತ್ತು. ಬೀಗತಿ ಮೆಲ್ಲಗೆ ಕೇಳಿದರು:

"ಅಕ್ಕಿ ಸಮಾ ತೊಳ್ದಿದ್ದೀರಾ ಮೊದ್ಲು?"