ಮೃತರ ಮತವನ್ನು ಅನುಕಂಪದ ಆಧಾರದ ಮೇಲೆ ಕೋರಿರುವ ಬಗ್ಗೆ

ಸುತ್ತೋಲೆ ಸಂಖ್ಯೆ: ಮನೆ/ಮುಂಕೋಣೆ/ಗೋಲು/01
ದಿನಾಂಕ: ಅಂತ್ಯಕ್ರಿಯೆಯ ನಂತರದ ಮೊದಲ ಕೆಲಸದ ದಿನ

ವಿಷಯ: ಇಂಗ್ಲಿಷ್ ಪ್ರೀಮಿಯರ್ ಲೀಗ್ ಫುಟ್‌ಬಾಲಿನ ಸರ್ವಶ್ರೇಷ್ಠ ಸ್ಟ್ರೈಕರ್ (ಗೋಲು ಹೊಡೆಯುವ ಆಟಗಾರ) ಯಾರೆಂಬ ವಿವಾದವನ್ನು ಸಾವಿನ ಮನೆಗೆ ತರುವುದನ್ನು ನಿರ್ಬಂಧಿಸುವ ಕುರಿತು.

ಅಂತ್ಯಕ್ರಿಯೆ ಮುಗಿದ ನಂತರದ ಮೊದಲ ಮಾಮೂಲಿ ಬೆಳಿಗ್ಗೆ, ಬಟ್ಟೆ ಇನ್ನೂ ನೆನೆಹಾಕಿರುವಾಗಲೇ, ಲಿಫ್ಟ್ ದುರಸ್ತಿ ಕಾರ್ಯಾಗಾರದ ಎಂಟು ಮಂದಿ ಸಿಬ್ಬಂದಿ ತಮ್ಮ ಮೃತ ಸಹೋದ್ಯೋಗಿಯ ಮನೆಗೆ ಆಗಮಿಸಿ, ಹನ್ನೊಂದು ನಿಮಿಷ ಸಂತಾಪ ಸೂಚಿಸಿ, ಹನ್ನೆರಡನೆಯ ನಿಮಿಷದಿಂದ ಸದರಿ ವಿವಾದದಲ್ಲಿ ತೊಡಗಿರುವುದು ಗಮನಕ್ಕೆ ಬಂದಿದೆ. ಕಾರ್ಯಾಗಾರದಲ್ಲಿ ಆಟಗಾರರಾದ ಶಿಯರರ್‌ಗೆ ಏಳು, ಹೆನ್ರಿಗೆ ಏಳು ಮತ ಬಿದ್ದಿದ್ದು, ಮೃತರೊಬ್ಬರೇ ಮತ ಹಾಕದೆ ಉಳಿದಿದ್ದರು. ಆ ಮತವನ್ನು ಅನುಕಂಪದ ಆಧಾರದ ಮೇಲೆ ಪತ್ನಿಯೇ ಇಂದು ಚಲಾಯಿಸಿಕೊಡಬೇಕೆಂದು ಕೋರಲಾಗಿದೆ. ಕೋರಿಕೆಯನ್ನು ಪರಿಶೀಲಿಸಿ ಈ ಕೆಳಕಂಡಂತೆ ಆದೇಶಿಸಿದೆ.

1. ಮತವು ಪಿಂಚಣಿಯಲ್ಲ. ಹೆಂಡತಿಗೆ ವರ್ಗಾವಣೆಯಾಗುವುದಿಲ್ಲ.

2. ‘ಅತ್ತಿಗೆ, ಹೋಗೋ ಹಿಂದಿನ ದಿನ ನನ್ನ ಹತ್ರ ಗುಟ್ಟಾಗಿ ಹೇಳಿದ್ದ, ಶಿಯರರ್ರೇ ಅಂತ’ ಎಂದು ಫೋರ್‌ಮನ್‌ರವರೂ, ‘ಸುಮ್ನಿರಯ್ಯ, ಸುಳ್ಳಿಗೂ ಒಂದು ಮಿತಿ ಬೇಡ್ವಾ? ನನ್ನ ಹತ್ರ ಹೆನ್ರಿ ಅಂದ’ ಎಂದು ಎಲೆಕ್ಟ್ರಿಷಿಯನ್‌ರವರೂ ಹೇಳಿಕೆ ನೀಡಿದ್ದಾರೆ. ಹಿಂದಿನ ದಿನ ಮೃತರಿಗೆ ಮಾತು ನಿಂತಿತ್ತು. ಪಕ್ಕದಲ್ಲಿ ಪತ್ನಿ ಇದ್ದರು. ಎರಡೂ ಹೇಳಿಕೆಗಳನ್ನು ಕಡತದಿಂದ ತೆಗೆದುಹಾಕಲಾಗಿದೆ.

3. ಭಾವಚಿತ್ರದ ಕಡೆ ಕೈ ಮಾಡಿ ‘ನೀನೇ ಹೇಳೋ ಮಾರಾಯ’ ಎನ್ನುವುದನ್ನು ನಿಷೇಧಿಸಲಾಗಿದೆ. ಭಾವಚಿತ್ರವು ನಕ್ಕಂತೆ ಕಂಡಲ್ಲಿ ಅದನ್ನು ಯಾವ ಪಕ್ಷದ ಪರವಾಗಿಯೂ ಪರಿಗಣಿಸತಕ್ಕದ್ದಲ್ಲ. ಅದು ಗುರುತಿನ ಚೀಟಿಗೆಂದು ತೆಗೆಸಿದ್ದು.

4. ಮೂರನೇ ಮಹಡಿಯ ಈ ಮನೆಗೆ ಹತ್ತಿಬರಲು ಎರಡು ಕಡೆ ಕೂತು ಸುಧಾರಿಸಿಕೊಂಡ ಸಿಬ್ಬಂದಿಯು ಶಿಯರರ್‌ಗೆ ‘ಓಟ ಸಾಲದು’ ಎಂದು ಷರಾ ಬರೆಯತಕ್ಕದ್ದಲ್ಲ.

5. ತಲೆಯಿಂದ ಗೋಲು ಹೊಡೆಯುವ ಬಗೆಯನ್ನು ತೋರಿಸಲು ಐವತ್ತೆರಡು ವರ್ಷದ ವೆಲ್ಡರ್ ಸೋಫಾದ ಮೇಲಿಂದ ಹಾರತಕ್ಕದ್ದಲ್ಲ. ಹಾರಿದ್ದಲ್ಲಿ ದಿಂಬಿಗೆ ಮಾತ್ರ ತಲೆ ಕೊಡತಕ್ಕದ್ದು. ಸಕ್ಕರೆ ಡಬ್ಬಿಗೆ ಅಲ್ಲ. ಚೆಲ್ಲಿದ ಸಕ್ಕರೆಯಲ್ಲಿ ಆಫ್‌ಸೈಡ್ ಗೆರೆ ಎಳೆದವರು ಅದನ್ನು ತಾವೇ ಗುಡಿಸತಕ್ಕದ್ದು. ಇರುವೆಗಳನ್ನು ರಕ್ಷಣಾ ಆಟಗಾರರೆಂದು ಪರಿಗಣಿಸುವುದಿಲ್ಲ.

6. ಪೆನಾಲ್ಟಿ ಗೋಲುಗಳನ್ನು ಲೆಕ್ಕಕ್ಕೆ ಹಿಡಿಯಬೇಕೇ ಬೇಡವೇ ಎಂಬ ಬಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ಕೇಳತಕ್ಕದ್ದಲ್ಲ.

7. ಅಳು ಬಂದವರು ಅಳಬಹುದು. ಅದನ್ನು ಮುಚ್ಚಿಡಲು ರೆಫರಿಯನ್ನು ಬೈಯುವ ಅಗತ್ಯವಿಲ್ಲ.

8. ಏಳು–ಏಳು ಎಂಬ ಸ್ಥಿತಿಯನ್ನು ಈ ಮೂಲಕ ಖಾಯಂಗೊಳಿಸಲಾಗಿದೆ. ಮೇಲ್ಮನವಿಗೆ ಅವಕಾಶವಿಲ್ಲ. ಮೃತರ ಹೆಸರಿನಲ್ಲಿ ಮತ ಬರೆದುಕೊಂಡವರಿಗೆ ಇನ್ನು ಮುಂದೆ ಈ ಮನೆಯಲ್ಲಿ ಚಹಾ ಇರುವುದಿಲ್ಲ.

(ಸಹಿ)
ಮೃತರ ಪತ್ನಿ
ಹಾಗೂ ಪ್ರಭಾರ ಮುಖ್ಯಸ್ಥರು, ಮುಂಬಾಗಿಲು ಮತ್ತು ಚಹಾ ವಿಭಾಗ

ಪ್ರತಿಗಳು:

1. ಶಿಯರರ್ ಪಕ್ಷ ಮತ್ತು ಹೆನ್ರಿ ಪಕ್ಷಕ್ಕೆ, ಒಂದೇ ಪ್ರತಿ. ಜಗಳವಾಡದೆ ಓದಿಕೊಳ್ಳುವುದು.

2. ಕೆಳಮನೆಯ ಅಜ್ಜಿಯವರಿಗೆ, ಬೆಳಿಗ್ಗೆ ಸೂರು ಅದುರಿದ ದೂರಿಗೆ ಉತ್ತರವಾಗಿ. ಅದು ವೆಲ್ಡರ್.

3. ಕಾರ್ಯಾಗಾರದ ಸ್ಟೋರ್‌ಕೀಪರ್‌ರವರಿಗೆ. ಇಬ್ಬರ ಗೋಲುಗಳನ್ನೂ ಪೂರ್ತಿ ನೋಡಿಯೇ ಮತ ಹಾಕುವುದಾಗಿ ಹೇಳಿ ಮೃತರು ತಮ್ಮಿಂದ ಎರವಲು ತಂದಿದ್ದ ಪೆನ್ ಡ್ರೈವನ್ನು ಇದರೊಂದಿಗೆ ಹಿಂದಿರುಗಿಸಲಾಗಿದೆ. ನಲವತ್ತೊಂದನೆಯ ಗೋಲಿನವರೆಗೆ ನಾವಿಬ್ಬರೂ ನೋಡಿದ್ದೇವೆ. ಅವರು ಇನ್ನೂ ತೀರ್ಮಾನ ಮಾಡಿರಲಿಲ್ಲ.